ಹಾಲಪ್ಪ ಎತ್ತಿ ಹಿಡಿದ ಕೈ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಬಿದ್ದಿತ್ತು. ಹಲ್ಲಿನಲ್ಲಿ ಸೀಳಿ, ತಿರುಳು ತಿಂದು, ತುಟಿಯಂಚಿನಿಂದ ಉಗುಳಿದ ಸಿಪ್ಪೆ. ಇನ್ನೂ ಒದ್ದೆಯಾಗಿತ್ತು. ಮಂಜಿಗೆ ಒದ್ದೆಯಾಗಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನ್ನ ಕಸುಬು. ನಾನು ಆಸ್ಪತ್ರೆಯ ಲ್ಯಾಬಿನವಳು. ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಕಂಡ ಮೇಲಷ್ಟೇ ‘ಇದೆ’ ಎಂದು ಬರೆಯುವವಳು. ಅಳಿಲಿನ ಕೆಲಸ ಎಂದು ಹೇಳಿಕೊಂಡೆ, ಕಾಗೆಯದು ಎಂದೂ ಹೇಳಿಕೊಂಡೆ. ಅಷ್ಟರಲ್ಲಿ ಬಿಸಿಲಿಗೆ ಸಿಪ್ಪೆ ಒಣಗಿ ಅಂಚಿನಲ್ಲೆಲ್ಲ ಬಿಳಿಯಾಗಿ ಉಪ್ಪು ಕಾಣಿಸಿತು. ಅಳಿಲು ಬೀಜಕ್ಕೆ ಉಪ್ಪು ಹಚ್ಚಿ ಹುರಿದುಕೊಂಡು ತಿನ್ನುತ್ತದೆಯೇ, ನೀವೇ ಹೇಳಿ.

ನಮ್ಮ ಬೀದಿಯಲ್ಲಿ ಹಾಗೆ ಬೀಜ ತಿಂದು ಉಗುಳುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ಹಾಲ್ ಎಂಬ ಮುದುಕರು. ಅವರು ತೀರಿಕೊಂಡು ಒಂದು ಚಳಿಗಾಲ ಕಳೆದಿದೆ. ಅವರ ಮನೆ ಇನ್ನೂ ಖಾಲಿ. ಪೋರ್ಚಿನಲ್ಲಿ ಅವರ ಕುರ್ಚಿ ಮಾತ್ರ ಬೀದಿಗೆ ಮುಖ ಮಾಡಿಕೊಂಡು ಹಾಗೇ ಇದೆ.

ಹಾಲ್ ಬೇಸ್‌ಬಾಲ್ ಆಡಿ ಬದುಕಿದ ಮನುಷ್ಯ. ನಾವು ಸ್ಯಾನ್ ಮಟಿಯೋದ ಈ ಮನೆಗೆ ಬಂದ ದಿನ, ಟ್ರಕ್ಕಿನಿಂದ ಸೋಫಾ ಇಳಿಸಲಾರದೆ ನಾವು ಗಂಡ ಹೆಂಡತಿ ಪರಸ್ಪರ ಬೈದುಕೊಳ್ಳುತ್ತಿದ್ದಾಗ, ಟೋಪಿ ಹಾಕಿದ ಈ ಮುದುಕರು ತಮ್ಮ ಮನೆಯಾಚೆಯ ಮೂಲೆಯಿಂದ ಕೈ ಹಿಂದೆ ಕಟ್ಟಿ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಬಂದರು. ಆ ಮೂಲೆಯಲ್ಲಿ ಬೆಂಕಿ ಆರಿಸುವವರಿಗೆಂದು ನೆಟ್ಟ ಗಿಡ್ಡನೆಯ ಹಳದಿ ನಲ್ಲಿಯಿದೆ. ಅಲ್ಲಿಂದ ತಮ್ಮ ಪೋರ್ಚನ್ನು ದಾಟಿ, ನಮ್ಮ ಮೆಟ್ಟಿಲವರೆಗೆ ಅಳೆದು ನಿಂತು, “ಒಂದು ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯ ಬೇಸಿನಿಂದ ಹೋಮ್ ಪ್ಲೇಟಿಗೆ ಸರಿಯಾಗಿ ಇಷ್ಟೇ ದೂರ. ನೀವು ಹೋಮ್ ಪ್ಲೇಟಿನ ಮೇಲೆ ಸಂಸಾರ ಹೂಡೋಕೆ ಬಂದಿದ್ದೀರಿ” ಎಂದು ನಕ್ಕರು. ಅರ್ಥವಾಗದ ಎಲ್ಲ ಅಮೆರಿಕನ್ ಜೋಕುಗಳಿಗೂ ನಗುವಂತೆ ನಾನೂ ನಕ್ಕೆ. (ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದುಕೊಂಡು ಹೇಳುತ್ತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.)

ನನ್ನ ಗಂಡನಿಗೆ ಬ್ಯಾಟು ಹಿಡಿದ ಆಟವೆಂದರೆ ಕ್ರಿಕೆಟ್ಟೊಂದೇ, ಉಳಿದದ್ದು ಕ್ರಿಕೆಟ್ ಬಾರದವರು ಮಾಡಿಕೊಂಡ ಅಡ್ಜಸ್ಟ್‌ಮೆಂಟು. ಹಾಗಾಗಿ ನನಗೆ ಬೇಸ್‌ಬಾಲ್ ಕಲಿಸಿದವರು ಹಾಲ್, ಅದೂ ಬೇಲಿಯ ಮೇಲೆ ಮೊಣಕೈ ಊರಿಕೊಂಡು, ನಮ್ಮ ನಿಂಬೆಗಿಡದ ಹಣ್ಣು ಕೀಳುತ್ತ. ಅವರು ದಕ್ಷಿಣದ ಗಿಲ್‌ರಾಯ್ ಕಡೆಯವರು, ಬೆಳ್ಳುಳ್ಳಿ ಹೊಲದ ಮಗ. ಹೈಸ್ಕೂಲು ಮುಗಿಯುತ್ತಲೇ ಒಂದು ತಂಡ ಅವರನ್ನು ಕೊಂಡೊಯ್ಯಿತಂತೆ. “ಕೈ ಚುರುಕು, ಬ್ಯಾಟು ಮಂದ” ಎಂದು ತಮ್ಮ ಬಗ್ಗೆ ತಾವೇ ಹೇಳುತ್ತಿದ್ದರು. ಮೇಲಿನ ದರ್ಜೆಯಲ್ಲಿ ಸ್ವಲ್ಪ ಕಾಲ ಆಡಿ, ಚ್ಯೂಯಿಂಗ್ ಗಮ್ಮಿನ ಜೊತೆ ಬರುವ ಕಾರ್ಡಿನಲ್ಲಿ ಮುಖ ಮೂಡುವಷ್ಟು ಹೊತ್ತು ಇದ್ದು, ಮತ್ತೆ ಕೆಳಗಿಳಿದರು. ಆಮೇಲೆ ಕೋಚ್ ಆದರು. ಆಮೇಲೆ ಸಣ್ಣ ಸಣ್ಣ ಊರುಗಳ ತಂಡಗಳಿಗೆ ಮ್ಯಾನೇಜರ್. ಮ್ಯಾನೇಜರ್ ಅಂದರೆ ನಮ್ಮ ಆಫೀಸಿನವರಂತೆ ಮೀಟಿಂಗು ಕರೆಯುವವರಲ್ಲ. ಯಾರು ಆಡಬೇಕು, ಯಾರು ಕೂರಬೇಕು, ಯಾವಾಗ ಓಡಬೇಕು ಎಂದು ಹೇಳುವ ಯಜಮಾನ. ಸೋತರೆ ಮೊದಲು ಮನೆಗೆ ಹೋಗುವವನೂ ಅವನೇ. ಬಸ್ಸು, ಮೋಟೆಲು, ಬೇರೆ ಊರು, ಮತ್ತೆ ಬಸ್ಸು. ಹೆಂಡತಿಯ ಮುಖಕ್ಕಿಂತ ಬಸ್ ಡ್ರೈವರನ ಕುತ್ತಿಗೆಯನ್ನೇ ಹೆಚ್ಚು ನೋಡಿದ್ದೇನೆ ಎನ್ನುತ್ತಿದ್ದರು.

ಆ ಆಟದ ಒಂದು ಸಂಗತಿ ನಿಮಗೆ ಗೊತ್ತಿರಬೇಕು. ಚೆಂಡು ಹೊಡೆದ ಮೇಲೆ ಆಟಗಾರ ಮೈದಾನದ ಮೂಲೆಗಳಲ್ಲಿ ನೆಲಕ್ಕೆ ಹಾಕಿದ ಮೂರು ಬೇಸುಗಳನ್ನು ಸುತ್ತಿ, ಹೊರಟ ಜಾಗಕ್ಕೇ, ಅಂದರೆ ಹೋಮ್ ಪ್ಲೇಟಿಗೆ ಮರಳಬೇಕು. ಒಂದು ಕಾಲು ಬೇಸಿಗೆ ತಾಗಿರುವವರೆಗೆ ಅವನನ್ನು ಔಟ್ ಮಾಡುವಂತಿಲ್ಲ. ಎರಡನೆಯ ಬೇಸು ಬಿಟ್ಟು ಓಡುವವನಿಗೆ ಚೆಂಡು ಬೆನ್ನ ಹಿಂದೆ ಉಳಿಯುತ್ತದೆ. ತಿರುಗಿ ನೋಡಿದರೆ ವೇಗ ಹೋಯಿತು. ಅದಕ್ಕೇ ಮೂರನೆಯ ಬೇಸಿನ ಪಕ್ಕ ಒಬ್ಬ ಕೋಚ್ ನಿಂತಿರುತ್ತಾನೆ. ಎರಡೂ ಅಂಗೈ ಎತ್ತಿ ತೋರಿಸಿದರೆ ನಿಲ್ಲು ಎಂದು. ತೋಳನ್ನು ಗಾಣದ ಹಾಗೆ ಸುತ್ತಿಸಿದರೆ ಓಡು, ಹೋಮಿಗೆ ಹೋಗು ಎಂದು. “ಓಡುವವನು ತನ್ನ ಕಣ್ಣನ್ನು ನನ್ನ ಕೈಗೆ ಕೊಟ್ಟಿರುತ್ತಾನೆ” ಎಂದಿದ್ದರು ಹಾಲ್. ಸಣ್ಣ ತಂಡಗಳಲ್ಲಿ ಮ್ಯಾನೇಜರೇ ಆ ಜಾಗದಲ್ಲಿ ನಿಲ್ಲುವುದುಂಟಂತೆ. ಇವರಂತೂ ಬೇರೆ ಯಾರನ್ನೂ ಅಲ್ಲಿಗೆ ಬಿಟ್ಟವರಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. “ನಿಮ್ಮ ನಿಂಬೆ ಈ ವರ್ಷ ಸಿಪ್ಪೆ ದಪ್ಪ” ಎಂದರು. ಆ ಮಾತು ಬಂದಾಗಲೆಲ್ಲ ನಿಂಬೆಹಣ್ಣಿಗೆ ಹಾರುತ್ತಿದ್ದರು.

ಒಂದು ದಿನ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಹೇಗೋ ಉಳಿದವು, ಮಾತು ಪೂರ್ತಿ ಹೋಯಿತು. ಹಗಲು ನೋಡಿಕೊಳ್ಳುವ ಹೆಂಗಸು ಪೋರ್ಚಿನ ಕುರ್ಚಿಯಲ್ಲಿ ಕೂರಿಸಿ, ಟೋಪಿ ಹಾಕಿ, ಬೀಜದ ಪೊಟ್ಟಣ ಕೊಟ್ಟು ಒಳಗೆ ಹೋದರೆ ಸಂಜೆಯವರೆಗೆ ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಮಗಳು ರೂತ್ ಗಿಲ್‌ರಾಯ್‌ನಿಂದ ಭಾನುವಾರ ಬಂದು ಹೋಗುತ್ತಿದ್ದಳು. ನಾನು ಹಲೋ ಅಂದರೆ ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದರು.

ಅದೇ ಸಮಯಕ್ಕೆ ಗದಗಿನಿಂದ ನಮ್ಮತ್ತೆ ಬಂದರು. ಬಂದ ಮರುದಿನವೇ ಬೇಗ ಎದ್ದು, ಮೆಟ್ಟಿಲು ತೊಳೆದು, ರಂಗೋಲಿ ಹಾಕಿಬಿಟ್ಟರು. ನಾವು ಬಂದಾಗಿನಿಂದ ಆ ಮೆಟ್ಟಿಲು ರಂಗೋಲಿಯ ಮುಖ ಕಂಡಿರಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಾನು ಎಳೆದ ಎಳೆಯೊಂದೂ ನೆಟ್ಟಗಿರುವುದಿಲ್ಲ, ನಕ್ಷತ್ರ ಹಾಕಿದರೆ ಕಾಲಿಗೆ ಸಿಕ್ಕ ಜಿರಳೆಯಂತಿರುತ್ತದೆ. ಅತ್ತೆಯ ಕೈಯಲ್ಲಿ ಬಿಳಿ ಪುಡಿ ನೂಲಿನಂತೆ ಇಳಿಯುತ್ತಿತ್ತು. ಬೂದು ಸಿಮೆಂಟಿನ ಮೇಲೆ ಅದು ಬೀದಿಯ ಆ ತುದಿಗೂ ಎದ್ದು ಕಾಣುತ್ತಿತ್ತು.

ಅವತ್ತು ಮಧ್ಯಾಹ್ನ ಚಹಾದ ಹೊತ್ತಿಗೆ ಎಂದಿನಂತೆ ಗುಡ್ಡದ ಮೇಲಿಂದ ಮಂಜು ಇಳಿಯಿತು. ಇಲ್ಲಿಯ ಮಂಜಿಗೆ ಹಗಲು ರಾತ್ರಿಯ ಲೆಕ್ಕವಿಲ್ಲ. ಬಿಸಿಲಿರುವಾಗಲೇ ಸಮುದ್ರದ ಕಡೆಯಿಂದ ಬಂದು ಬೀದಿಯ ಒಂದು ತುದಿಯನ್ನು ನುಂಗುತ್ತದೆ, ಇನ್ನೊಂದು ತುದಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ನಾನು ರಜೆಯಲ್ಲಿದ್ದೆ. ಹೊರಗಿನಿಂದ ಅತ್ತೆ ಕರೆದರು.

“ಇಲ್ಲೆ ಬಾ, ನೋಡಿಲ್ಲೆ. ಬಾಜೂ ಮನಿ ಯಜಮಾನ್ರು ಸಂಧ್ಯಾವಂದನಿ ಮಾಡ್ಲಿಕ್ಕತ್ತಾರ.”

ಹಾಲ್ ಕುರ್ಚಿಯಿಂದ ಎದ್ದು ನಿಂತಿದ್ದರು. ತೊಡೆಯಿಂದ ಏಳದಿದ್ದ ಆ ಕೈ ಟೋಪಿ ಮುಟ್ಟಿತು, ಮೂಗು ಮುಟ್ಟಿತು, ಕಿವಿ, ಎದೆ, ಎಡ ಭುಜ, ಸೊಂಟ. ಬೇಸ್‌ಬಾಲಿನಲ್ಲಿ ಕೋಚ್ ಹೀಗೆ ಮೈಯೆಲ್ಲ ಮುಟ್ಟಿಕೊಂಡು ಗುಟ್ಟಾಗಿ ಸನ್ನೆ ಮಾಡುತ್ತಾನೆ. ಗದಗಿನ ಹೆಣ್ಣುಮಗಳಿಗೆ ಅದು ಶುದ್ಧ ಅಂಗನ್ಯಾಸವಾಗಿ ಕಂಡಿತು. ಕೊನೆಗೆ ಹಾಲ್ ಎರಡೂ ಅಂಗೈಗಳನ್ನು ಮುಂದೆ ಎತ್ತಿ ಹಿಡಿದು ಹಾಗೇ ನಿಂತರು. ಅತ್ತೆ ಸೆರಗು ಹೊದ್ದುಕೊಂಡು ಎರಡೂ ಕೈ ಮುಗಿದು ತಲೆಬಾಗಿದರು. ಹಿರಿಯರು ಅಷ್ಟು ಧಾರಾಳವಾಗಿ ಆಶೀರ್ವಾದ ಮಾಡುವಾಗ ನೋಡಿಯೂ ನೋಡದಂತಿರಲು ಅವರೇನು ನನ್ನಂಥವರೇ.

ಹಾಲ್ ಅತ್ತೆಯನ್ನು ನೋಡಿದರು. ನನ್ನನ್ನು ದಾಟಿ ಹೋಗುತ್ತಿದ್ದ ಆ ಕಣ್ಣು ಅತ್ತೆಯ ಮೇಲೆ ನಿಂತಿತು. ನಿಧಾನವಾಗಿ ಟೋಪಿಯ ಅಂಚು ಮುಟ್ಟಿದರು. ತಮ್ಮ ಸನ್ನೆ ತಲುಪಿತು ಎಂದು ಗೊತ್ತಾದವರ ಹಾಗಿತ್ತು ಅದು.

ಅಂದಿನಿಂದ ಅದೊಂದು ರೂಢಿಯಾಯಿತು. ಮಂಜು ಇಳಿಯುವ ಹೊತ್ತಿಗೆ ಅತ್ತೆ ಮೊರದಲ್ಲಿ ಮೆಂತ್ಯೆಸೊಪ್ಪು ಹಿಡಿದು ಮೆಟ್ಟಿಲ ಬಳಿ ಕೂರುತ್ತಿದ್ದರು, ಹಾಲ್ ತಮ್ಮ ಪೋರ್ಚಿನಲ್ಲಿ. ಅತ್ತೆಯ ಬಾಯಲ್ಲಿ ಹಾಲ್ ಒಂದೇ ವಾರದಲ್ಲಿ ಹಾಲಪ್ಪನಾದರು. ಹಾಲಪ್ಪ ಬೀಜದ ಪೊಟ್ಟಣ ಚಾಚಿದರೆ ಅತ್ತೆ ಇಸಿದುಕೊಂಡು, “ಇಷ್ಟು ಛಲೋ ಸೂರ್ಯಪಾನ ಬೀಜ, ಎಣ್ಣಿ ತಗಿಯೂದು ಬಿಟ್ಟು ಅಂಗಳದ ತುಂಬ ಉಗಳತಾನಲ್ಲ ಈ ಮನಷ್ಯಾ” ಎಂದು ಕನ್ನಡದಲ್ಲೇ ಬೈದು ತಾವೂ ತಿನ್ನುತ್ತಿದ್ದರು. ಒಬ್ಬರಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬರಿಗೆ ಮಾತೇ ಇಲ್ಲ. ಜಗಳಕ್ಕೆ ಆಸ್ಪದವಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ.

ಒಂದು ಸಂಜೆ ಸೊಪ್ಪು ಬಿಡಿಸುತ್ತಲೇ ಅತ್ತೆ ಕೇಳಿದರು. “ಆ ಮೀಸಿ ಮನಷ್ಯಾ ಯಾರವಾ?”

“ಯಾವ ಮೀಸೆ, ಅತ್ತೆ?”

“ಅದs, ಹಳದಿ ನಳದ ಹತ್ರ ನಿಂತಿರ್ತಾನಲ್ಲ. ದಪ್ಪನಾಂವ. ಹಾಲಪ್ಪ ಕೈ ಎತ್ತಿ ತಡದು ನಿಲ್ಸಿದ್ದು ಅಂವನ್ನ. ನಾ ಹುಚ್ಚಿ, ಇಷ್ಟು ದಿನಾ ನನಗ ಆಶೀರ್ವಾದ ಮಾಡ್ತಾನ ಅಂತ ತಿಳದಿದ್ದೆ.”

ನಾನು ನೋಡಿದೆ. ನಲ್ಲಿಯಿತ್ತು, ಅದರ ಹಿಂದೆ ಮಂಜಿತ್ತು. ಇನ್ನೇನೂ ಇರಲಿಲ್ಲ.

“ಯಾರೂ ಇಲ್ಲವಲ್ಲ.”

“ಇದ್ದಾನ. ಒಂದ್ ಕಾಲು ನಳದ ಬುಡಕ್ಕ ಹಚ್ಚೇ ಇರ್ತಾನ, ತಗಿಯೂದs ಇಲ್ಲ. ಎಲ್ಲಾರೂ ಟೊಪಗಿ ಹಾಕ್ಕೊಳ್ಳೂ ಊರಾಗ ಇಂವನ ತಲಿ ಬರಿದು. ದಣದಾನ ಪಾಪ, ನೋಡವಾ, ಎದಿ ಹೆಂಗ ಏರಿಳಿತೈತಿ.”

ಅತ್ತೆಯ ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಗಿತ್ತು. ಮರುದಿನವೇ ನಮ್ಮ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದೆ. ಕಣ್ಣು ನನಗಿಂತ ಚೆನ್ನಾಗಿದೆ ಎಂದರು. ರಕ್ತ ನಾನೇ ನೋಡಿದೆ, ಅದರಲ್ಲೂ ಏನಿಲ್ಲ. ವಿಷಯ ಕೇಳಿದ ನನ್ನ ಮಗಳು “ಅಮ್ಮಾ, ದಟ್ಸ್ ಕ್ರೀಪಿ” ಎಂದು ಕಿವಿಗೆ ಹೆಡ್‌ಫೋನು ಏರಿಸಿಕೊಂಡಳು. ಆದರೆ ಅವಳೂ ಆಮೇಲೆ ಬಸ್ ಸ್ಟಾಪಿಗೆ ಎದುರು ಬದಿಯ ಫುಟ್‌ಪಾತಿನಲ್ಲೇ ಹೋಗತೊಡಗಿದಳು. ಇನ್ನೊಂದನ್ನು ನಾನೇ ಗಮನಿಸಿದೆ. ಈ ದೇಶದ ನಾಯಿಗಳಿಗೆ ಅಂಥ ನಲ್ಲಿಯೆಂದರೆ ಪ್ರಾಣ, ಒಂದನ್ನೂ ಒದ್ದೆ ಮಾಡದೆ ಬಿಡುವುದಿಲ್ಲ. ನಮ್ಮ ಬೀದಿಯ ನಾಯಿಗಳು ಮಾತ್ರ ಆ ಹಳದಿ ನಲ್ಲಿ ಬಂದಾಗ ಹಗ್ಗ ಎಳೆದುಕೊಂಡು ರಸ್ತೆಗಿಳಿದು, ಅಲ್ಲಿ ನಿಂತ ಯಾರಿಗೋ ದಾರಿ ಬಿಟ್ಟ ಹಾಗೆ ಸುತ್ತಿ ಹೋಗುತ್ತಿದ್ದವು. ಅದನ್ನು ಯಾವ ಗಾಜಿನ ಮೇಲೆ ಸವರಿ ನೋಡಲಿ ಹೇಳಿ.

ಮುಂದಿನ ಭಾನುವಾರ ರೂತ್ ಬಂದಾಗ, ನಗೆಯ ಮಾತೆಂಬಂತೆ ಇದನ್ನು ಹೇಳಿದೆ. ವಯಸ್ಸಾದವರ ಕಲ್ಪನೆ ನೋಡಿ ಎಂದೆ. ಮೀಸೆಯ ದಪ್ಪ ಮನುಷ್ಯ ಎಂದಾಗ ಅವಳು ಮೂಲೆಯ ಕಡೆ ತಿರುಗಿದಳು. ತಲೆ ಬರಿದು ಎಂದಾಗ ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಮಾರ್ಟಿ” ಎಂದಳು.

ಮಾರ್ಟಿ, ಹಾಲ್ ಕೋಚ್ ಆಗಿದ್ದ ಕಾಲದ ಆಟಗಾರ. ಜೊತೆಯಲ್ಲಿ ಆಡಿ ಬೆಳೆದ ಸ್ನೇಹಿತ. ಭಾರಿ ಆಳು, ಓಟ ನಿಧಾನ. ಒಂದು ಮಧ್ಯಾಹ್ನದ ಪಂದ್ಯದಲ್ಲಿ ಎರಡನೆಯ ಬೇಸಿನಿಂದ ಓಡಿ ಬರುತ್ತಿದ್ದ ಅವನಿಗೆ ಹಾಲ್ ತೋಳು ಸುತ್ತಿಸಿದರು, ಓಡು ಎಂದರು. ಓಟದ ರಭಸಕ್ಕೆ ಅವನ ಹೆಲ್ಮೆಟ್ ಹಾರಿ ಬಿತ್ತು. ಅವನು ಕೈ ನೋಡಿದ, ನಂಬಿದ, ಮೂರನೆಯ ಬೇಸನ್ನು ಮೆಟ್ಟಿ ಓಡಿದ. ಹೋಮ್ ಪ್ಲೇಟ್ ಮುಟ್ಟುವ ಮೊದಲೇ, ಯಾರೂ ತಾಕದೆ, ಮುಗ್ಗರಿಸಿ ಬಿದ್ದ. ಎದೆ ನಿಂತುಹೋಗಿತ್ತು. ಆರೇಳು ವರ್ಷದ ರೂತ್ ಅಮ್ಮನ ಪಕ್ಕ ಕೂತು ಅದನ್ನು ನೋಡಿದ್ದಳು.

“ಅವನ ಹೃದಯ ಮೊದಲೇ ಕೆಟ್ಟಿತ್ತು, ಇವತ್ತಲ್ಲದಿದ್ದರೆ ನಾಳೆ ಆಗುವುದೇ ಎಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ. ನಾನು ಕೈ ಎತ್ತಿದ್ದರೆ ಅವನು ಮೂರನೆಯ ಬೇಸಿನಲ್ಲಿ ನಿಲ್ಲುತ್ತಿದ್ದ, ನಿಂತಿದ್ದರೆ ಬದುಕುತ್ತಿದ್ದ ಅನ್ನೋದೇ ಅಪ್ಪನ ಮಾತು. ಆಮೇಲೆ ಅಪ್ಪ ಯಾರನ್ನೂ ಓಡಿಸಲಿಲ್ಲ. ಮ್ಯಾನೇಜರ್ ಆದ ಮೇಲೂ ಆ ಜಾಗ ಬಿಡಲಿಲ್ಲ. ನಡೆದುಕೊಂಡು ಹೋದರೂ ಹೋಮ್ ಮುಟ್ಟುವ ಹುಡುಗರನ್ನೂ ಕೈ ಎತ್ತಿ ನಿಲ್ಲಿಸುತ್ತಿದ್ದ. ಜನ ಕೂಗುತ್ತಿದ್ದರು, ನಗುತ್ತಿದ್ದರು. ಪಂದ್ಯ ಸೋತೆವು, ಕೆಲಸ ಹೋಯಿತು, ಬೇರೆ ಊರು, ಅಲ್ಲೂ ಅದೇ. ಅಪ್ಪನ ಇಡೀ ಕರಿಯರ್ ಅಂದರೆ ಆ ಎತ್ತಿದ ಕೈ ಅಷ್ಟೇ.”

ಆಮೇಲೆ ಅವಳ ಕಣ್ಣು ಕಾಲ ಬಳಿಯಿದ್ದ ರಂಗೋಲಿಯ ಮೇಲೆ ಬಿತ್ತು. ಇದನ್ನು ಯಾವಾಗಿನಿಂದ ಹಾಕುತ್ತಿದ್ದೀರಿ ಎಂದು ಕೇಳಿದಳು. ಅತ್ತೆ ಬಂದಾಗಿನಿಂದ ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಹಾಲ್ ಎದ್ದು ನಿಂತದ್ದೂ ಅದೇ ದಿನ.

“ಆಟ ಶುರುವಾಗುವ ಮುಂಚೆ ಮೈದಾನದಲ್ಲಿ ಹೀಗೇ ಬಿಳಿ ಪುಡಿ ಉದುರಿಸಿ ಗೆರೆ ಎಳೆಯುತ್ತಾರೆ” ಎಂದಳು ರೂತ್.

ಮೂಲೆಯ ನಲ್ಲಿಯಿಂದ ಸರಿಯಾದ ದೂರದಲ್ಲಿ, ನೆಲದ ಮೇಲೆ, ಬೆಳ್ಳಗೆ. ಅತ್ತೆ ಮೈದಾನ ಸಿದ್ಧ ಮಾಡಿಕೊಟ್ಟಿದ್ದರು.

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಇನ್ನು ರಂಗೋಲಿ ಬೇಡ ಅಂದುಬಿಡುತ್ತಾರೇನೋ ಎಂದುಕೊಂಡಿದ್ದೆ. ಅವರು ಹೆದರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. “ಓಡಾಂವ ಹಿಂದ ಹೊಳ್ಳಿ ನೋಡಬಾರದಂತ?” ಎಂದು ಅದೊಂದನ್ನೇ ಮತ್ತೆ ಕೇಳಿಕೊಂಡರು. “ನಮ್ಮಲ್ಲೂ ಹಂಗs ಅಲಾ. ಸ್ಮಶಾನದಿಂದ ಬರಾವ್ರು ಹಿಂದ ಹೊಳ್ಳಿ ನೋಡಬಾರದು. ನೋಡಿದ್ರ ಹೋಗಾವ್ರಿಗೆ ಹೋಗ್ಲಿಕ್ಕೆ ಆಗೂದಿಲ್ಲ.” ಮರುದಿನ ರಂಗೋಲಿ ಎಂದಿಗಿಂತ ದೊಡ್ಡದಾಗಿತ್ತು.

ಶರತ್ಕಾಲ ಬರುವಷ್ಟರಲ್ಲಿ ಹಾಲ್ ಸೊರಗಿದರು. ರೂತ್ ಅವರನ್ನು ಗಿಲ್‌ರಾಯ್‌ನ ತನ್ನ ಮನೆಗೆ ಕರೆದೊಯ್ಯಲು ಬಂದಳು. ಮಧ್ಯಾಹ್ನದ ಮಂಜು ಆಗಲೇ ಇಳಿದಿತ್ತು. ಕಾರು ನಿಂತಿದೆ, ಬಾಗಿಲು ತೆರೆದಿದೆ, ಹಾಲ್ ಪೋರ್ಚು ಬಿಡರು. ಎರಡೂ ಅಂಗೈ ಎತ್ತಿ ಮೂಲೆಯನ್ನೇ ನೋಡುತ್ತ ನಿಂತಿದ್ದಾರೆ. ತೋಳು ಗಡಗಡ ನಡುಗುತ್ತಿದೆ, ಇಳಿಸುವುದಿಲ್ಲ. ಇಳಿಸಿದರೆ ಅವನು ಓಡುತ್ತಾನೆ, ಓಡಿದರೆ ಸಾಯುತ್ತಾನೆ. ಅವರಿಗಿದ್ದ ಭಯ ಅದೊಂದೇ. ರೂತ್ ರಟ್ಟೆ ಹಿಡಿದು, “ಅಪ್ಪಾ, ಆಟ ಮುಗೀತು, ಎಲ್ಲರೂ ಹೋದರು” ಎನ್ನುತ್ತ ಅಳುತ್ತಿದ್ದಳು. ನಾನು ನನಗೆ ತಿಳಿದ ಇಂಗ್ಲಿಷಿನಲ್ಲಿ ಏನೇನೋ ಸಮಾಧಾನ ಹೇಳಿದೆ, ಯಾರಿಗೂ ಬೇಕಾಗಿರಲಿಲ್ಲ.

ಅತ್ತೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು. “ಅಷ್ಟs ಹೌದಿಲ್ಲೋ? ಸರೀರಿ, ನಾ ನಿಲ್ಲತೇನಿ” ಎಂದವರೇ ಹಾಲ್ ಪಕ್ಕ ಹೋಗಿ ನಿಂತು, ಬಳೆ ಹಿಂದೆ ಸರಿಸಿ, ಥೇಟ್ ಅವರ ಹಾಗೆಯೇ ಎರಡೂ ಅಂಗೈ ಎತ್ತಿದರು. ಅಷ್ಟು ದಿನ ಕೂತು ನೋಡಿದ್ದರಲ್ಲ, ಮೊಣಕೈಯ ಬಾಗು ಕೂಡ ಹಾಗೇ ಇತ್ತು. ಹಾಲ್ ಅತ್ತೆಯ ಕೈ ನೋಡಿದರು. ಮೂಲೆಯನ್ನು ನೋಡಿದರು. ಮತ್ತೆ ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಒಂದು ಕೈ ಇಳಿಸಿದರು, ಕಾದರು, ಇನ್ನೊಂದನ್ನೂ ಇಳಿಸಿದರು. ಟೋಪಿ ತೆಗೆದು ಅತ್ತೆಯ ತಲೆಯ ಮೇಲೆ, ಸೆರಗಿನ ಮೇಲೆಯೇ, ಇಟ್ಟರು. ಕಾರು ಹತ್ತುವಾಗ ಹಿಂದೆ ತಿರುಗಿ ನೋಡಲಿಲ್ಲ.

ನೀವು ನಗಬಹುದು. ಇಳಕಲ್ ಸೀರೆ, ಮೂಗುಬೊಟ್ಟು, ಮೇಲೊಂದು ಬೇಸ್‌ಬಾಲ್ ಟೋಪಿ. ನಾನೂ ನಗಲು ನೋಡಿದೆ, ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತೆ ಆ ಖಾಲಿ ಪೋರ್ಚಿಗೆ ದಿನವೂ ಹೋಗಿ ಟೋಪಿ ಹಾಕಿಕೊಂಡು ಕೂತು, ಮಂಜು ಇಳಿದೊಡನೆ ಎದ್ದು ಕೈ ಎತ್ತುತ್ತಿದ್ದರು. “ಎಷ್ಟು ದಿನ ಹೀಗೆ, ಅತ್ತೆ? ಕಳಿಸಿಬಿಡಬಾರದಾ ಅವನನ್ನ?” ಎಂದು ಕೇಳಿದೆ. ಕೇಳಿದ ಮೇಲೆ, ನಾನೂ ‘ಅವನು’ ಎಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

“ಹೆಂಗ ಕಳಸಲಿ? ಯಜಮಾನ ಅಂವ. ಅಂವ ಹೇಳೂ ತನಕಾ ನಾ ಕೈ ಇಳಸೂದಿಲ್ಲ.”

ಚಳಿಗಾಲದಲ್ಲಿ ಅತ್ತೆಯೂ ಹಾಸಿಗೆ ಹಿಡಿದರು. ಶ್ವಾಸಕೋಶಕ್ಕೆ ಸೋಂಕು. ಈ ಸಲ ರಕ್ತ ನೋಡಿದ ನನಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು, ಕಾಣದಿದ್ದರೆ ಚೆನ್ನಾಗಿತ್ತು. ಅದೇ ವಾರ ರೂತ್ ಫೋನ್ ಮಾಡಿ, ಅಪ್ಪ ಇನ್ನು ಹೆಚ್ಚು ದಿನವಿಲ್ಲ ಎಂದಳು. ಅತ್ತೆ ಆಸ್ಪತ್ರೆಯ ಮಂಚದಿಂದಲೇ ನನ್ನನ್ನು ಅಟ್ಟಿದರು. “ಹೋಗಿ ಕೇಳಿ ಬಾ” ಎಂದರು. ಫ್ರೀವೇಯಲ್ಲಿ ದಕ್ಷಿಣಕ್ಕೆ ಅಷ್ಟು ದೂರ ಡ್ರೈವ್ ಮಾಡಿಕೊಂಡು, ಮಾತು ಬಾರದ ಮನುಷ್ಯನನ್ನು ಏನೆಂದು ಕೇಳುವುದು ಎಂದು ಗೊಣಗುತ್ತ ಹೋದೆ. ಗಿಲ್‌ರಾಯ್ ಬರುತ್ತಿದ್ದಂತೆ ಕಾರಿನೊಳಗೆಲ್ಲ ಬೆಳ್ಳುಳ್ಳಿ ವಾಸನೆ ತುಂಬಿತು.

ಹಾಲ್ ಕಣ್ಣು ಮುಚ್ಚಿ ಮಲಗಿದ್ದರು. ರೂತ್ ಚಹಾ ತರಲು ಒಳಗೆ ಹೋದಳು. ನಾನು ಬಗ್ಗಿ, ಅತ್ತೆಗೆ ಮಾತು ಕೊಟ್ಟ ತಪ್ಪಿಗೆ, ಕನ್ನಡದಲ್ಲೇ ಕೇಳಿದೆ. “ಅವನನ್ನ ಏನು ಮಾಡೋಣ?”

ಹೊದಿಕೆಯ ಕೆಳಗೆ ಬಲಗೈ ಅಲುಗಿತು. ಹೊರಗೆ ಬಂತು. ಮಂಚದ ಮೇಲೆ, ಬಹಳ ನಿಧಾನವಾಗಿ, ಭುಜದಿಂದ ಪೂರ್ತಿ ಒಂದು ಸುತ್ತು ಸುತ್ತಿ ಬಿದ್ದಿತು. ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ರೂತ್, “ಸ್ನಾಯು ಸೆಳೆತ, ಆಗಾಗ ಬರುತ್ತೆ” ಎಂದಳು. ಹೇಳುತ್ತ ಅಳುತ್ತಿದ್ದಳು. ಮಾರ್ಟಿ ಬಿದ್ದ ಮೇಲೆ ಅಪ್ಪ ಆ ತೋಳು ಸುತ್ತಿಸಿದ್ದನ್ನು ಅವಳು ಕಂಡದ್ದು ಅದೇ ಮೊದಲು. ಅಂದೇ ಸಂಜೆ ಹಾಲ್ ಹೋದರು.

ಅತ್ತೆಗೆ ಬಂದು ಹೇಳಿದೆ. ಅವರ ಮುಖ ಸಡಿಲವಾಯಿತು. “ಛಲೋ ಆತು. ಹಂಗಾದ್ರ ನೀ ಕಳಸು. ನಾ ಇನ್ನ ಮನಿಗೆ ಬರೂದಿಲ್ಲ.”

“ಅತ್ತೆ, ಅವನು ಓಡಿ ಬರೋದು ನಮ್ಮ ಮನೆ ಬಾಗಿಲಿಗಲ್ಲವಾ?” ಎಂದೆ. ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದೆ.

“ಬರಲಿ. ಬರಾವ್ರು ಬರಲಿ ಅಂತs ಅಲ್ಲೇನ ರಂಗೋಲಿ ಹಾಕೂದು? ಮೊದಲ ಅದನ್ನ ಹಾಕು. ಬಿಳೇದು ಕಾಣದs ಎಲ್ಲೆ ಬರಬೇಕಂವ.”

ಅತ್ತೆ ಹೋದ ಮೇಲೆ ಸಾವಿನ ಮನೆಯ ಮುಂದೆ ರಂಗೋಲಿ ಹಾಕುವಂತಿರಲಿಲ್ಲ. ದಿನಗಳು ಮುಗಿದ ಮೇಲೂ ನಾನು ಹಾಕಲಿಲ್ಲ. ಬಾರದ ಕೈ, ಡ್ಯೂಟಿಯ ಅವಸರ ಎಂದೆ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ಮಧ್ಯಾಹ್ನ ಮನೆಯಲ್ಲಿದ್ದರೆ ಪರದೆ ಎಳೆದುಕೊಳ್ಳುತ್ತಿದ್ದೆ. ನಾಯಿಗಳು ಇನ್ನೂ ಸುತ್ತಿಕೊಂಡೇ ಹೋಗುತ್ತಿದ್ದವು. ಯಾರ ಕೈಯೂ ಕಾಣದೆ, ಬಿಳಿಯದೂ ಕಾಣದೆ, ಆ ದಣಿದ ಮನುಷ್ಯ ಒಂದು ಕಾಲು ಊರಿಕೊಂಡು ಹಾಗೇ ನಿಂತಿರಬೇಕು ಎಂಬ ಯೋಚನೆ ಕೆಲಸದ ನಡುವೆ ಬಂದು ಕೂತರೆ ಸಂಕಟವಾಗುತ್ತಿತ್ತು.

ಇವತ್ತು ಸಿಪ್ಪೆ. ಯಜಮಾನರು ಬಂದು ನೋಡಿಕೊಂಡು ಹೋಗಿದ್ದರು. ಗುಡಿಸಿ ಎತ್ತಿದೆ, ಮೆಟ್ಟಿಲು ತೊಳೆದೆ. ಅತ್ತೆಯ ಡಬ್ಬಿಯ ಪುಡಿ ತೇವಕ್ಕೆ ಗಟ್ಟಿಯಾಗಿತ್ತು, ಬೆರಳಲ್ಲಿ ಹಿಸುಕಿ ರಂಗೋಲಿ ಹಾಕಿದೆ. ಜಿರಳೆಯೇ ಆಯಿತು. ಬೆಳ್ಳಗಂತೂ ಇತ್ತು. ಮಧ್ಯಾಹ್ನ ರಜೆ ಹಾಕಿ ಬಂದು, ದೇವರ ಕೋಣೆಯಲ್ಲಿ ಅತ್ತೆಯ ಫೋಟೋದ ಪಕ್ಕ ನೇತುಹಾಕಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡು ಪಕ್ಕದ ಪೋರ್ಚಿಗೆ ಹೋದೆ. ಯಾರಾದರೂ ನೋಡಿಯಾರು ಎಂಬ ನಾಚಿಕೆ ಭಯಕ್ಕಿಂತ ದೊಡ್ಡದಿತ್ತು, ಅದೇ ನನ್ನನ್ನು ಕಾಪಾಡಿತು ಅನ್ನಿ.

ಮಂಜು ಇಳಿದು ಮೂಲೆಗೆ ಬಂತು. ಅದರಲ್ಲಿ ನಲ್ಲಿ ಬಿಟ್ಟು ಏನೂ ಕಾಣಲಿಲ್ಲ, ನನಗೆ ಕಾಣುವುದೂ ಇಲ್ಲ. ನನ್ನ ಬೆನ್ನಿಗೆ ನನ್ನ ಮನೆಯಿತ್ತು. ಬಲತೋಳನ್ನು ಎತ್ತಿ ಸುತ್ತಿಸಿದೆ. ಮೊದಲು ಸಣ್ಣಗೆ, ಆಮೇಲೆ ಭುಜ ನೋಯುವಷ್ಟು ದೊಡ್ಡದಾಗಿ, ಮತ್ತೆ ಮತ್ತೆ. ಹೋಗಪ್ಪಾ, ಹೋಗು ಎಂದು ನಾನೇ ಅನ್ನುತ್ತಿದ್ದೆ.

ಏನೋ ನನ್ನನ್ನು ದಾಟಿತು. ಗಾಳಿಯೆಂದೇ ಬರೆಯುತ್ತೇನೆ, ಬೇರೆ ಪದವಿಲ್ಲ. ಮಂಜಿನ ದಿನ ಅಷ್ಟು ಬೆಚ್ಚಗಿನ ಗಾಳಿ ಈ ಬೀದಿಯಲ್ಲಿ ಬೀಸುವುದಿಲ್ಲ. ಬೆವರು ಮತ್ತು ಚರ್ಮದ ವಾಸನೆಯಿತ್ತು, ಭಾರವಾದ ಉಸಿರಿತ್ತು. ಕುತ್ತಿಗೆ ತಾನಾಗಿ ಹೊರಳಲು ನೋಡಿತು. ಹಲ್ಲು ಕಚ್ಚಿಕೊಂಡು ಮುಂದೆಯೇ ನೋಡುತ್ತ ನಿಂತೆ. ನಮ್ಮವರು ಹೇಳಿದ್ದೂ, ಅವರ ಕಡೆಯವರು ಹೇಳಿದ್ದೂ ಒಂದೇ ತಾನೆ.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಯಾರೋ ನಾಯಿ ಹಿಡಿದು ಬಂದರು. ಅದು ನೇರವಾಗಿ ಹಳದಿ ನಲ್ಲಿಯ ಹತ್ತಿರ ಹೋಗಿ, ಮೂಸಿ ನೋಡಿ, ಕಾಲೆತ್ತಿತು.

ಮನೆಗೆ ಬಂದೆ. ನನ್ನ ಸೊಟ್ಟ ರಂಗೋಲಿಯ ಒಂದು ಅಂಚು ಅಳಿಸಿಹೋಗಿತ್ತು. ಉದ್ದಕ್ಕೆ, ಜಾರಿ ಬಂದ ಹಿಮ್ಮಡಿಯ ಅಗಲಕ್ಕೆ, ಬಿಳಿ ಪುಡಿ ಹೊಸ್ತಿಲವರೆಗೂ ಎಳೆದುಕೊಂಡು ಬಂದಿತ್ತು. ನಾನು ಅಲ್ಲೇ ಕೂತೆ. ಭಯ ಇರಲಿಲ್ಲ. ಎಂದೂ ಬಾಯಿಗೆ ಬಾರದಿದ್ದ ಅತ್ತೆಯ ಕನ್ನಡ ತಾನಾಗಿ ಬಂತು.

“ಬಂದೇನಪಾ?” ಎಂದೆ. “ಛಲೋ ಆತು. ಕೂಡು, ದಣದೀದಿ.”